ಕೊಡಚಾದ್ರಿಗೆ ನಡೆದೇ ಹೋಗೋಣ

ಮಲೆನಾಡಿನ ಶಾಲೆ, ಕಾಲೇಜುಗಳಲ್ಲಿ ಓದುವ ಅನೇಕರಿಗೆ ಕೊಡಚಾದ್ರಿ ಒಂದು ಹಳೆಯ ಕನಸು. ದೂರದಲ್ಲಿ ನೀಲಿಯಾಗಿ ಕಾಣುವ ಆ ಶಿಖರವನ್ನು ಒಮ್ಮೆ ಗೆಳೆಯರೊಡನೆ ಏರಬೇಕೆಂಬ ಆಸೆ ವರ್ಷಗಳ ಕಾಲ ಮನಸ್ಸಿನಲ್ಲಿ ಉಳಿದಿರುತ್ತದೆ. ಮಳೆಗಾಲ ಕಳೆದು ಬಿಸಿಲು ಮೂಡಿತೆಂದರೆ ತಂಡಗಳು ಹೊರಡುತ್ತವೆ. ಈ ಆಸೆ ಸಹಜವಾದುದು, ಒಳ್ಳೆಯದೂ ಹೌದು. ಆದರೆ ಹೇಗೆ ಏರುತ್ತೇವೆ ಎಂಬುದನ್ನು ಯೋಚಿಸಬೇಕಾದ ಕಾಲ ಬಂದಿದೆ.

1343 ಮೀಟರ್ ಎತ್ತರದ ಈ ಬೆಟ್ಟ ಮೂಕಾಂಬಿಕಾ ವನ್ಯಜೀವಿಧಾಮದ ಪ್ರದೇಶಕ್ಕೆ ಸೇರಿದ್ದು; ಧಾಮ ಘೋಷಣೆಯಾದದ್ದು 1974ರಲ್ಲಿ. ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ಜನ ನಂಬುವ ಸರ್ವಜ್ಞ ಪೀಠದ ಪುಟ್ಟ ಶಿಲಾಮಂಟಪ ನೆತ್ತಿಯಲ್ಲಿದೆ. ಕೆಳಗೆ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಮಳೆಗಾಳಿಗೆ ಮೈಯೊಡ್ಡಿ ನಿಂತ ಕಬ್ಬಿಣದ ಕಂಬವಿದೆ. ಈ ಕುರುಹುಗಳನ್ನು ಕಾಣಲು ಹೋಗುವವರು ಇವೆಲ್ಲಕ್ಕಿಂತ ಹಳೆಯದಾದ ಒಂದನ್ನು ತುಳಿದುಕೊಂಡೇ ಹೋಗುತ್ತಾರೆ. ಅದು ಬೆಟ್ಟದ ಹುಲ್ಲುಗಾವಲು.

ಬೋಳುಗುಡ್ಡವೆಂದು ಅದನ್ನು ಕಡೆಗಣಿಸುವಂತಿಲ್ಲ. ಏರಿನ ಹುಲ್ಲು ಮಳೆಯ ಹೊಡೆತವನ್ನು ತಡೆಯುತ್ತದೆ. ಕಣಿವೆಯ ಶೋಲಾ ಕಾಡು ನೀರನ್ನು ಇಂಗಿಸಿಕೊಂಡು ನಿಧಾನವಾಗಿ ಹರಿಯಬಿಡುತ್ತದೆ. ಸೌಪರ್ಣಿಕೆಗೂ ಸುತ್ತಲಿನ ಹಳ್ಳ, ಅಬ್ಬಿಗಳಿಗೂ ಜೀವ ಬರುವುದು ಹೀಗೆ. ಸಾವಿರಾರು ಕಾಲುಗಳು ಕಂಡಕಂಡಲ್ಲಿ ಅಡ್ಡದಾರಿ ಹಿಡಿದರೆ, ಜೀಪಿನ ಚಕ್ರಗಳು ಹುಲ್ಲನ್ನು ಕಿತ್ತರೆ, ಬರಿದಾದ ಮಣ್ಣು ಒಂದೇ ಮಳೆಗಾಲದಲ್ಲಿ ಕೊರಕಲಾಗುತ್ತದೆ. ಮಣ್ಣು ಕೆಳಗಿನ ಗದ್ದೆ ಸೇರುತ್ತದೆ, ಬೇಸಿಗೆಯಲ್ಲಿ ಅಬ್ಬಿ ಬತ್ತುತ್ತದೆ. ಮೇಲಿನವರ ವಿಹಾರದ ಬೆಲೆಯನ್ನು ಕೆಳಗಿನ ರೈತ ತೆರುತ್ತಾನೆ.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಜಾತ್ರೆಯಂತೆ ನೆರೆದ ಮೇಲೆ ಸರ್ಕಾರ ಎಚ್ಚೆತ್ತಿತು. ಅದೇ ವರ್ಷ ಚಾರಣಪಥಗಳಿಗೆ ಆನ್‌ಲೈನ್ ನೋಂದಣಿಯೂ ದಿನಕ್ಕೆ 300 ಮಂದಿಯ ಮಿತಿಯೂ ಬಂದವು. ಇದು ಸ್ವಾಗತಾರ್ಹ. ಆದರೆ ಒಂದು ಕಡೆ ನಡೆಯುವವರನ್ನು ಎಣಿಸಿ, ಇನ್ನೊಂದು ಕಡೆ ಯಂತ್ರದಲ್ಲಿ ಜನರನ್ನು ಮೇಲಕ್ಕೆ ಸಾಗಿಸಿದರೆ ಮಿತಿಗೆ ಅರ್ಥವೇನು? 2022ರಲ್ಲಿ ಕೇಂದ್ರ ಘೋಷಿಸಿದ ಪರ್ವತಮಾಲಾ ಯೋಜನೆಯಡಿ ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ಪ್ರಸ್ತಾವ ಬಂದದ್ದು ಈ ಕಾರಣಕ್ಕೇ ಕಳವಳ ಹುಟ್ಟಿಸುತ್ತದೆ. ಸಿಂಗಳೀಕಗಳು ಮರದಿಂದ ಮರಕ್ಕೆ ದಾಟುವ ಕಾಡಿನಲ್ಲಿ ಕಂಬಗಳಿಗಾಗಿ ಬಯಲು ಮಾಡುವುದೂ ಸಣ್ಣ ಮಾತಲ್ಲ.

ಜೀಪು ಓಡಿಸಿ, ಊಟ ಬಡಿಸಿ ಬದುಕುವ ಘಟ್ಟದ ಕುಟುಂಬಗಳನ್ನು ಮರೆತು ಮಾತನಾಡುವುದು ನ್ಯಾಯವಲ್ಲ. ದಾರಿ ತೋರುವ ಕೆಲಸ, ವಸತಿ, ಊಟದ ವ್ಯವಸ್ಥೆ ಸ್ಥಳೀಯರಿಗೇ ಸಿಗಲಿ. ಚಾರಣ ಶುಲ್ಕದ ಒಂದು ಪಾಲು ಗ್ರಾಮ ಪಂಚಾಯಿತಿಗೆ ಬರಲಿ. ಎಷ್ಟು ಜನ, ಎಷ್ಟು ವಾಹನ ಎಂಬ ತೀರ್ಮಾನದಲ್ಲಿ ಗ್ರಾಮಸಭೆಯ ಮಾತು ನಡೆಯಲಿ. ಬೆಟ್ಟ ಉಳಿದರೆ ಮಾತ್ರ ಈ ಸಂಪಾದನೆಯೂ ಉಳಿದೀತು.

ವಿದ್ಯಾರ್ಥಿ ಮಿತ್ರರೇ, ಅವಶ್ಯ ಹೋಗಿ, ಕಾಲ್ನಡಿಗೆಯಲ್ಲಿ ಹೋಗಿ. ಇರುವ ಹಾದಿಯನ್ನು ಬಿಡಬೇಡಿ, ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ, ಸಂಗೀತದ ಪೆಟ್ಟಿಗೆಯನ್ನು ಮನೆಯಲ್ಲೇ ಇಡಿ. ದಣಿದು ತಲುಪಿದವರಿಗೆ ಆ ಕಲ್ಲುಮಂಟಪದ ನೆರಳಿನ ಬೆಲೆ ತಿಳಿಯುತ್ತದೆ. ನಿಮ್ಮ ತಮ್ಮ ತಂಗಿಯರ ಕನಸಿಗೂ ಅಲ್ಲಿ ಹುಲ್ಲು, ನೀರು ಉಳಿದಿರಬೇಕು.