ನಿರ್ದೋಷದ ವ್ಯಾಮೋಹ

ದೋಷವೊಂದೂ ಉಳಿಯದಂತಾಗುವ ತನಕ ಕೃತಿಯನ್ನು ಸಭೆಗೆ ತರಕೂಡದೆಂಬ ಮಾತು ಸಂಗೀತರಚನೆಗೆ ತೊಡಗಿದವರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಮೇಲುನೋಟಕ್ಕೆ ಇದು ವಿನಯ. ವಿಚಾರಿಸಿದರೆ ವಿನಯದ ವೇಷ ತೊಟ್ಟ ಅಭಿಮಾನ. ತನ್ನಿಂದ ಸಾಮಾನ್ಯವಾದುದು ಹುಟ್ಟಬಾರದೆಂಬ ಹಟಕ್ಕೆ ಬೇರೆ ಹೆಸರುಂಟೆ?

ಈ ವಿವಾದವೇನೂ ಹೊಸದಲ್ಲ. ಮಮ್ಮಟನು ಕಾವ್ಯಪ್ರಕಾಶದ ಲಕ್ಷಣವಾಕ್ಯದಲ್ಲಿ, ಕಾವ್ಯದ ಶಬ್ದಾರ್ಥಗಳು ದೋಷರಹಿತವಾಗಿರಬೇಕೆಂದನು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಅದನ್ನೊಪ್ಪಲಿಲ್ಲ. ದೋಷಲೇಶವೂ ಇರಕೂಡದೆಂದರೆ ಕಾವ್ಯವು ಅತಿ ವಿರಳವಾದೀತು, ಅಥವಾ ಇಲ್ಲವೇ ಆದೀತು. ಹುಳು ಕೊರೆದ ಮಾತ್ರಕ್ಕೆ ರತ್ನದ ರತ್ನತ್ವ ಹೋಗದೆಂಬುದು ಅವನ ಆಕ್ಷೇಪದ ಸಾರ. ಕಾವ್ಯಕ್ಕೆ ಸಲ್ಲುವ ಈ ನ್ಯಾಯವು ಗಾನಕ್ಕೆ ಸಲ್ಲದೆ?

ಇದಕ್ಕೆ ಪ್ರತಿಯಾಗಿ ಜರ್ಮನಿಯ ಸಂಗೀತಕಾರನಾದ ಬ್ರಾಮ್ಸ್‌ನನ್ನು ಮುಂದೊಡ್ಡುವವರುಂಟು. ಆತನ ಮೊದಲ ಸಿಂಫನಿಯು 1876ರಲ್ಲಿ, ಆತನಿಗೆ 43 ವರ್ಷ ತುಂಬಿದ ಮೇಲೆ ಸಭೆಗೆ ಬಂದುದೂ, ಮನಸ್ಸಿಗೊಪ್ಪದ ಹಲವು ರಚನೆಗಳನ್ನು ಆತನೇ ನಾಶಪಡಿಸಿದುದೂ ನಿಜವೇ. ಆದರೆ ಆ ನಡುವೆ ಆತನು ಕೈಕಟ್ಟಿ ಕುಳಿತಿರಲಿಲ್ಲ. 1859ರಲ್ಲಿ ತನ್ನ ಮೊದಲ ಪಿಯಾನೊ ಕನ್ಸರ್ಟೊವನ್ನು ಲೈಪ್‌ಜಿಗ್ ನಗರದಲ್ಲಿ ತಾನೇ ನುಡಿಸಿ ಸಭಿಕರ ತಿರಸ್ಕಾರಕ್ಕೆ ಗುರಿಯಾದನು. ಆದರೂ ಬರೆಯುವುದನ್ನು ಬಿಡಲಿಲ್ಲ. 1868ರಲ್ಲಿ ಬ್ರೆಮೆನ್ ನಗರದಲ್ಲಿ ಜರ್ಮನ್ ರೆಕ್ವಿಯೆಂ ಎಂಬ ಮೇಳಗಾನವನ್ನು ಹಾಡಿಸಿದನು. ಆತನ ಕೈ ಪಳಗಿದುದು ಇಂಥ ಸಭೆಗಳಲ್ಲಿಯೂ ಹೊರತು ಮುಚ್ಚಿದ ಕೋಣೆಯೊಂದರಲ್ಲಿಯೇ ಅಲ್ಲ.

ಕರ್ನಾಟಕ ಸಂಗೀತದಲ್ಲಂತೂ ಈ ಹಟಕ್ಕೆ ಆಧಾರವೇ ಇಲ್ಲ. ಕೃತಿಯು ಗುರುವಿನಿಂದ ಶಿಷ್ಯನಿಗೆ ಪಾಠವಾಗಿ ಸಾಗುತ್ತ, ಹಾಡಿದವರ ಕಂಠದಲ್ಲಿ ಹೊಸ ಸಂಗತಿಗಳನ್ನು ಪಡೆದು ಬೆಳೆಯುವುದು ಇಲ್ಲಿಯ ಸಂಪ್ರದಾಯ. ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡ ಕೃತಿಗೆ ಶಿಷ್ಯನೂ ಇಲ್ಲ, ಸಂಗತಿಯೂ ಇಲ್ಲ. ಕರ್ತೃವಿನೊಡನೆ ಅದಕ್ಕೂ ಅಂತ್ಯ. ಗೆದ್ದಲಿಗೆ ರಾಗದ ಪರಿಚಯವಿಲ್ಲ.

ಹಾಗೆಂದು ಅಶ್ರದ್ಧೆಗೆ ಸಮ್ಮತಿಯಿತ್ತಂತೆ ಭಾವಿಸಕೂಡದು. ತಾಳ ತಪ್ಪಿದರೆ ತಿದ್ದಲೇಬೇಕು. ಧಾತುವಿಗೆ ಮಾತು ಹೊಂದದಿದ್ದರೆ ಬದಲಿಸಲೇಬೇಕು. ಆದರೆ ತಿದ್ದುವುದಕ್ಕೂ ಒಂದು ಅವಧಿಯಿರಲಿ. ಪಲ್ಲವಿಯನ್ನೇ ಹತ್ತು ವರ್ಷ ತಿದ್ದುತ್ತ ಕುಳಿತವನು ಚರಣವನ್ನು ಮುಟ್ಟುವುದೆಂದು? ಮೊದಲು ಕೃತಿಯನ್ನು ಮುಗಿಸಲಿ. ಒಬ್ಬ ಶಿಷ್ಯನಿಗಾದರೂ ಪಾಠ ಹೇಳಲಿ. ಪರಕಂಠದಲ್ಲಿ ಕೇಳುವಾಗ ತಿಳಿದುಬರುವ ದೋಷವನ್ನು ಮುಂದಿನ ಕೃತಿಯಲ್ಲಿ ನೀಗಿಕೊಳ್ಳಲಿ. ಲೋಕದಲ್ಲಿ ಸರ್ವಥಾ ನಿರ್ದೋಷವಾದುದು ಹುಟ್ಟದೇ ಉಳಿದ ಕೃತಿಯೊಂದೇ. ಅದನ್ನು ಹಾಡಿದವರು ಯಾರೂ ಇಲ್ಲ.