ಗೆರೆ ಯಾವ ಕಡೆಗೆ ವಾಲಬೇಕು?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೂರು ತಿಂಗಳ ಮಳೆಯ ಅಳತೆ ಬರೆದಿಟ್ಟು, ಅದರ ಗ್ರಾಫ್ ಬಿಡಿಸುವ ಪುಟ್ಟ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಬರೆದಳು ಎಂದಿಟ್ಟುಕೊಳ್ಳಿ. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಅದು ಸೊಗಸಾಗಿ ನಡೆಯುತ್ತದೆ. ವಿಜ್ಞಾನ ಪ್ರದರ್ಶನದ ದಿನ ಶಾಲೆಯ ಲಿನಕ್ಸ್ ಕಂಪ್ಯೂಟರಿಗೆ ಹಾಕಿದರೆ ‘ಅಂಥ ಫೈಲ್ ಇಲ್ಲ’ ಎಂಬ ಉತ್ತರ! ಫೈಲೋ ಕಣ್ಣೆದುರಿಗೇ ಇದೆ. “ಮನೇಲಿ ಸರಿಯಾಗಿ ಬರ್ತಿತ್ತು ಸಾರ್” ಎಂದರೆ ಯಾರು ನಂಬಬೇಕು? ತಪ್ಪಿರುವುದು ಒಂದೇ ಒಂದು ಓರೆಗೆರೆಯಲ್ಲಿ.

ಕಂಪ್ಯೂಟರಿನಲ್ಲಿ ಪ್ರತಿ ಫೈಲಿಗೂ ಒಂದು ವಿಳಾಸವುಂಟು. ನಾವು ಅಂಚೆ ವಿಳಾಸದಲ್ಲಿ ಮನೆ, ಬೀದಿ, ಊರು, ಜಿಲ್ಲೆ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ. ಕಂಪ್ಯೂಟರಿನದು ತಿರುಗುಮುರುಗು: ಮೊದಲು ದೊಡ್ಡ ಫೋಲ್ಡರ್, ಅದರೊಳಗಿನ ಫೋಲ್ಡರ್, ಕೊನೆಗೆ ಫೈಲ್. ಈ ಹೆಸರುಗಳ ನಡುವೆ ಲಿನಕ್ಸ್‌ನಲ್ಲಿ ಬಲಕ್ಕೆ ವಾಲಿದ ಗೆರೆ (/), ವಿಂಡೋಸ್‌ನಲ್ಲಿ ಎಡಕ್ಕೆ ವಾಲಿದ ಗೆರೆ (\). ‘ಶಾಲೆ/ಮಳೆ’ ಎಂದರೆ ಶಾಲೆ ಎಂಬ ಫೋಲ್ಡರಿನೊಳಗಿನ ಮಳೆ ಎಂಬ ಫೈಲ್. ಆದರೆ ‘ಶಾಲೆ\ಮಳೆ’ ಎಂದು ಬರೆದರೆ ಲಿನಕ್ಸ್ ಆ ಗೆರೆಯನ್ನೂ ಹೆಸರಿನ ಒಂದು ಅಕ್ಷರವೆಂದೇ ತಿಳಿದು, ಅಷ್ಟುದ್ದ ಹೆಸರಿನ ಒಂದೇ ಫೈಲನ್ನು ಹುಡುಕುತ್ತದೆ. ಸಿಗುವುದಾದರೂ ಹೇಗೆ?

ಈ ಭೇದ ಏಕೆ ಬಂತು? ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸ್ ವ್ಯವಸ್ಥೆ ಬಲವಾಲಿನ ಗೆರೆಯನ್ನು ಆರಿಸಿಕೊಂಡಿತು. ಲಿನಕ್ಸ್ ಅದೇ ದಾರಿ ಹಿಡಿಯಿತು. 1981ರಲ್ಲಿ ಐಬಿಎಂ ಪಿಸಿಯೊಡನೆ ಬಂದ ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ. 160 ಕಿಲೋಬೈಟ್‌ನ ಫ್ಲಾಪಿಗೆ ಅದರ ಅಗತ್ಯವೂ ಬೀಳಲಿಲ್ಲ. ಅಲ್ಲಿ ಬಲವಾಲಿನ ಗೆರೆಗೆ ಬೇರೆಯೇ ಕೆಲಸವಿತ್ತು: ಆಜ್ಞೆಯ ನಂತರ ಅದನ್ನು ಹಾಕಿ, ಆಜ್ಞೆ ಯಾವ ರೀತಿ ನಡೆಯಬೇಕೆಂದು ಸೂಚಿಸುವುದು. 1983ರಲ್ಲಿ 10 ಮೆಗಾಬೈಟ್‌ನ ಹಾರ್ಡ್ ಡಿಸ್ಕ್ ಇದ್ದ ಪಿಸಿ ಬಂದಾಗ ಫೋಲ್ಡರುಗಳು ಅನಿವಾರ್ಯವಾದವು. ಆ ಹೊತ್ತಿಗೆ ಬಲವಾಲಿನ ಗೆರೆಯ ಜಾಗ ಭರ್ತಿಯಾಗಿತ್ತು. ಹಳೆಯ ಪ್ರೋಗ್ರಾಮುಗಳು ಕೆಡಬಾರದೆಂದು ಎಡವಾಲಿನ ಗೆರೆಯನ್ನು ತಂದರು. ಅದೇ ವಿಂಡೋಸ್‌ಗೂ ಬಳುವಳಿಯಾಗಿ ಬಂತು. ಇದರ ಹಿಂದೆ ಗಣಿತದ ನಿಯಮವಿಲ್ಲ. ಇರುವುದು ಹಳೆಯ ರೂಢಿ ಮಾತ್ರ. ಮ್ಯಾಕಿಂಟಾಷ್‌ನವರು ಬಹುಕಾಲ ಗೆರೆಯ ಬದಲು ಎರಡು ಚುಕ್ಕೆ (:) ಬಳಸಿದರು. 2001ರ ಹೊಸ ಮ್ಯಾಕ್ ವ್ಯವಸ್ಥೆ ಯೂನಿಕ್ಸ್ ತಳಹದಿಗೆ ಬಂತು. ಬಲವಾಲಿನ ಗೆರೆ ಅಲ್ಲಿಗೂ ಬಂತು.

ತೊಡಕು ಇನ್ನೊಂದಿದೆ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಹೆಸರು ಹುಡುಕುವಾಗ ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತದೆ. ಲಿನಕ್ಸ್‌ಗೆ ಅವು ಬೇರೆ ಬೇರೆ. ಆ ಭೇದವೇ ಇಲ್ಲದ ಕನ್ನಡ ಲಿಪಿಗೆ ಒಗ್ಗಿದ ಕಣ್ಣಿಗೆ ಈ ತಪ್ಪು ಬೇಗ ಕಾಣದು.

ಪರಿಹಾರ ಸುಲಭ. ಪೈಥಾನ್ ಪ್ರೋಗ್ರಾಮಿನೊಳಗೆ ಬಲವಾಲಿನ ಗೆರೆಯನ್ನೇ ಬರೆಯಿರಿ. ವಿಂಡೋಸ್ ಕೂಡ ಅದನ್ನು ಒಪ್ಪುತ್ತದೆ. ಫೈಲ್ ಹೆಸರುಗಳಲ್ಲಿ ಸಣ್ಣಕ್ಷರಗಳನ್ನೇ ಬಳಸಿ, ನಡುವೆ ಖಾಲಿ ಜಾಗ ಬಿಡಬೇಡಿ. ‘ಸಿ ಡ್ರೈವ್’ನಿಂದ ಆರಂಭಿಸಿ ಪೂರ್ತಿ ವಿಳಾಸ ಬರೆಯುವ ಬದಲು, ಪ್ರೋಗ್ರಾಮೂ ಅಳತೆಯ ಫೈಲೂ ಇರುವ ಫೋಲ್ಡರಿನಿಂದಲೇ ವಿಳಾಸ ಆರಂಭಿಸಿ. ಲಿನಕ್ಸ್‌ನಲ್ಲಿ ಸಿ ಡ್ರೈವ್ ಎಂಬುದೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರದರ್ಶನದ ಹಿಂದಿನ ದಿನವೇ ಶಾಲೆಯ ಕಂಪ್ಯೂಟರಿನಲ್ಲಿ ಒಮ್ಮೆ ನಡೆಸಿ ನೋಡಿ.

ಪಾಲಕರಿಗೂ ಒಂದು ಮಾತು. “ಮನೇಲಿ ಬರ್ತಿತ್ತು” ಎಂದು ಮಗು ಅತ್ತರೆ ಅದು ನೆಪವೆಂದು ಗದರಬೇಡಿ. ಮಗುವಿನೊಡನೆ ಕುಳಿತು ಗೆರೆ ಯಾವ ಕಡೆಗೆ ವಾಲಿದೆ ನೋಡಿ. ಮೂರು ತಿಂಗಳ ಮಳೆಯ ಲೆಕ್ಕ ಆ ಫೈಲಿನಲ್ಲಿ ಕ್ಷೇಮವಾಗಿಯೇ ಇದೆ.