ಚಿತ್ರಲೇಖನದ ಗಂಟೆಯೂ ಹುಡುಗಿಯರ ನಗೆಯೂ



ಪರೀಕ್ಷೆಯ ಫಲಗಳ ವಿಷಯವಾಗಿಯೂ ಕಟ್ಟಡದ ವಿಷಯವಾಗಿಯೂ ಈ ಸ್ಮರಣಸಂಚಿಕೆಯಲ್ಲಿ ಬರೆಯುವವರು ಬೇರೆ ಇದ್ದಾರೆ. ನಾವು ಬರೆಯಬೇಕೆಂದಿರುವುದು ವಾರಕ್ಕೊಮ್ಮೆ ಬರುವ ಒಂದೇ ಒಂದು ಗಂಟೆಯ ವಿಷಯ. ಒಂಬತ್ತನೆಯ ಮತ್ತು ಹತ್ತನೆಯ ತರಗತಿಗಳ ಚಿತ್ರಲೇಖನದ ಗಂಟೆಯನ್ನು ತೆಗೆದುಹಾಕಿ ಗಣಿತಕ್ಕೆ ಕೊಡಬೇಕೆಂದು ಕೆಲವು ಮಂದಿ ತಂದೆತಾಯಿಗಳು ನಮ್ಮನ್ನು ಕೇಳಿಕೊಂಡಿದ್ದಾರೆ. ಅವರ ಕೋರಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬೆಳಗಿನ ಜಾವ ಬಂದರಿಗೆ ಹೋಗಿ, ಮೀನಿನ ಬುಟ್ಟಿ ಹೊತ್ತು, ಮಗಳ ಓದಿಗೆಂದು ಹಣ ಕೂಡಿಸುವ ತಾಯಿಯು, ಮಗಳು ಈ ದಿನ ಶಾಲೆಯಲ್ಲಿ ಕಾಗೆಯ ಚಿತ್ರ ಬರೆದಳೆಂದು ಕೇಳಿ ನಿಟ್ಟುಸಿರು ಬಿಟ್ಟರೆ ಅದು ಸಹಜವೇ. ಆದರೂ ಈ ಕೋರಿಕೆಗೆ ನಾವು ಒಪ್ಪಲಾರೆವು. ಯಾಕೆ ಒಪ್ಪಲಾರೆವೆಂಬುದನ್ನು ತಿಳಿಸುವ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

ಬಹಳ ವರುಷಗಳ ಹಿಂದೆ, ನಾವು ಹೊಸತಾಗಿ ಉಪಾಧ್ಯಾಯಿನಿಯಾಗಿದ್ದಾಗ, ಬೆಂಗ್ರೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ನಮ್ಮ ತರಗತಿಯಲ್ಲಿದ್ದಳು. ಬೆಂಗ್ರೆಯೆಂದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಚಾಚಿದ ಮರಳಿನ ನಾಲಿಗೆ. ಅಲ್ಲಿಂದ ದೋಣಿ ಹತ್ತಿ ಬಂದರಿಗೆ ಬರುವಷ್ಟರಲ್ಲಿ ಆಕೆ ಲೆಕ್ಕದ ಪುಸ್ತಕದ ಹಿಂಬದಿಯನ್ನು ತುಂಬಿಸಿಬಿಡುತ್ತಿದ್ದಳು. ಬಲೆಯ ಹರಕನ್ನು ಹೊಲಿಯುವ ಮುದುಕ, ಒಂದು ಬಂಗುಡೆಗಾಗಿ ಜಗಳವಾಡುವ ಎರಡು ಬೆಕ್ಕು, ದೋಣಿಯ ಅಂಚಿನಲ್ಲಿ ಯಜಮಾನನಂತೆ ಕುಳಿತ ಕಾಗೆ, ಎಲ್ಲವೂ ಅಲ್ಲಿದ್ದುವು. ಒಂದು ದಿನ ಅದೇ ಪುಟಗಳಲ್ಲಿ ನಮ್ಮನ್ನೂ ಕಂಡೆವು. ಕನ್ನಡಕವು ಮೂಗಿನ ತುದಿಗೆ ಇಳಿದಿತ್ತು. ಬೆರಳು ಗದರಿಸುವಂತೆ ಮೇಲೆದ್ದಿತ್ತು. ಬೆನ್ನ ಹಿಂದಿನ ಕಪ್ಪುಹಲಗೆಯ ಮೇಲೆ ನಾವು ಬಿಡಿಸಿದ ಲೆಕ್ಕವು ತಪ್ಪಾಗಿತ್ತು. ಹಿಂದಿನ ದಿನ ನಾವು ನಿಜವಾಗಿ ತಪ್ಪಿದ ಲೆಕ್ಕವೇ ಅದು! ಆ ಪುಟವನ್ನು ತರಗತಿಯ ಎದುರಿನಲ್ಲಿ ಹರಿದೆವು. ಹುಡುಗಿ ಅಳಲಿಲ್ಲ, ಮರುಮಾತಾಡಲಿಲ್ಲ. ಶಾಲೆ ಬಿಟ್ಟು ಹೋದ ಎಷ್ಟೋ ವರುಷಗಳ ತರುವಾಯ ಬಂದರಿನಲ್ಲಿ ಆಕೆಯನ್ನು ಕಂಡು, “ಈಗಲೂ ಚಿತ್ರ ಬರೆಯುತ್ತೀಯಾ?” ಎಂದು ಕೇಳಿದೆವು. “ಇಲ್ಲ ಟೀಚರ್, ಆಮೇಲೆ ಕೈ ಹೋಗಲಿಲ್ಲ,” ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ; ಆದುದರಿಂದಲೇ ಅದು ನಮ್ಮನ್ನು ಇಂದಿನವರೆಗೂ ಬಿಟ್ಟಿಲ್ಲ.

ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರ ಬಾಲ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಅವರು ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆಲ್ಲಾ ಚಿತ್ರ ಬರೆಯುತ್ತಿದ್ದರು. ಶಾಲೆಯಲ್ಲಿ ತಮ್ಮ ಉಪಾಧ್ಯಾಯರನ್ನೇ ನಗೆಚಿತ್ರಗಳಾಗಿ ಮಾಡುತ್ತಿದ್ದರು. ಆದರೆ ಅವರು ಬರೆದ ಅಶ್ವತ್ಥದ ಎಲೆಯೊಂದನ್ನು ಒಬ್ಬ ಉಪಾಧ್ಯಾಯರು ಕಂಡು ಮೆಚ್ಚಿದರು. ತಾನೂ ಚಿತ್ರಗಾರನಾದೇನೆಂಬ ನಂಬಿಕೆ ಆ ಬಾಲಕನಲ್ಲಿ ಮೊಳೆತದ್ದು ಆ ಮೆಚ್ಚುಗೆಯಿಂದಲೇ. ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆಯು ಪ್ರವೇಶ ಕೊಡದಿದ್ದಾಗಲೂ ಆ ನಂಬಿಕೆ ಬಾಡಲಿಲ್ಲ. ಒಂದು ಎಲೆಗೆ ಕೊಟ್ಟ ಒಂದು ಮೆಚ್ಚುಗೆಯು ಒಂದು ಜೀವಮಾನಕ್ಕೆ ಸಾಕಾಯಿತು. ನಾವು ಹರಿದ ಒಂದು ಪುಟವೂ ಅಷ್ಟೇ ದೂರ ಹೋಯಿತು. ಉಪಾಧ್ಯಾಯಿನಿಯ ಕೈಯಲ್ಲಿ ಇವೆರಡೂ ಇರುತ್ತವೆ. ತಂದೆತಾಯಿಗಳ ಕೈಯಲ್ಲಿಯೂ ಇರುತ್ತವೆ.

“ಆದರೆ ಹಿರಿಯರನ್ನು ನೋಡಿ ನಗುವುದನ್ನು ಶಾಲೆಯೇ ಕಲಿಸಬೇಕೋ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ನಗೆಯಲ್ಲಿ ಎರಡು ಬಗೆ ಉಂಟೆಂಬುದೇ ನಮ್ಮ ಉತ್ತರ. ಕುಂಟುವವನ ಕಾಲನ್ನು ಕಂಡು ನಗುವುದು ಒಂದು. ಅದು ಅಪಹಾಸ್ಯ, ಅದಕ್ಕೆ ನಮ್ಮಲ್ಲಿ ಸ್ಥಳವಿಲ್ಲ. ಬಲವುಳ್ಳವರ ಡಂಭವನ್ನೂ ನಮ್ಮ ನಮ್ಮ ಮೂಢತನವನ್ನೂ ಕಂಡು ನಗುವುದು ಇನ್ನೊಂದು. ಅದು ಮನಸ್ಸನ್ನು ತೊಳೆಯುವಂಥದು. ವೈದ್ಯರಾಗಿದ್ದ ಡಾಕ್ಟರ್ ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’ಯವರು, 1942ರಲ್ಲಿ ಬೆಂಗಳೂರಿನಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಹೊರಡಿಸಿದರು. ರೋಗಿಗಳನ್ನು ನೋಡುವವರಿಗೆ ನಗೆಯ ಬೆಲೆ ತಿಳಿದಿರುವುದರಲ್ಲಿ ಆಶ್ಚರ್ಯವೇನು? ತರುಣ ಲಕ್ಷ್ಮಣರು ಆ ಪತ್ರಿಕೆಗೂ ಚಿತ್ರ ಬರೆದರು. ಮುಂದೆ ಅವರು ಸೃಷ್ಟಿಸಿದ, ಚೌಕುಳಿ ಕೋಟು ತೊಟ್ಟು ಪಂಚೆಯುಟ್ಟ ‘ಸಾಮಾನ್ಯ ಮನುಷ್ಯ’ನು ಒಂದು ಮಾತನ್ನೂ ಆಡದೆ ದೊಡ್ಡವರ ಸಭೆಗಳಲ್ಲೆಲ್ಲಾ ಸುಮ್ಮನೆ ನಿಂತು ನೋಡಿದನು. ಲಕ್ಷ್ಮಣರು 2015ರಲ್ಲಿ ತೀರಿಕೊಂಡರು. ಆ ನೋಟವು ಉಳಿದಿದೆ. ನಮ್ಮ ಹುಡುಗಿಯರು ಅಂಥ ನೋಟವನ್ನು ಕಲಿತರೆ ನಾಳೆ ಅವರನ್ನು ಮರುಳುಗೊಳಿಸುವುದು ಸುಲಭವಲ್ಲ.

ಇನ್ನು ಚಿತ್ರ ಬರೆಯುವುದು ಕೆಲಸವಿಲ್ಲದವರ ಕೆಲಸವೆಂಬ ಮಾತು. ಚಿತ್ರಶಾಲೆಯ ಬಾಳನ್ನು ಹತ್ತಿರದಿಂದ ಕಂಡವರು ಹಾಗೆ ಹೇಳಲಾರರು. ನಮ್ಮ ಪಟ್ಟಣದ ಸಂತ ಅಲೋಶಿಯಸ್ ಪ್ರಾರ್ಥನಾಲಯದೊಳಗೆ ನಿಂತು ಕತ್ತೆತ್ತಿ ನೋಡಿರಿ. ಇಟಲಿಯಿಂದ ಬಂದ ಸಹೋದರ ಆಂತೋನಿಯೊ ಮೊಸ್ಕೇನಿ 1899ರಲ್ಲಿ ಆರಂಭಿಸಿ ಸುಮಾರು ಎರಡು ವರುಷಗಳಲ್ಲಿ ಅದರ ಗೋಡೆಗಳನ್ನೂ ಮಾಳಿಗೆಯನ್ನೂ ಚಿತ್ರಗಳಿಂದ ತುಂಬಿಸಿದನು. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ವಿದ್ಯೆಯಲ್ಲಿ ಆ ದಿನ ಮುಗಿಸಬಹುದಾದಷ್ಟೇ ಗಾರೆ ಬಳಿಯಬೇಕು. ಗಾರೆ ಒಣಗುವ ಮೊದಲು ಕೈ ತನ್ನ ಕೆಲಸ ತೀರಿಸಬೇಕು. ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಇದಕ್ಕಿಂತ ಕಠಿಣವಾದ ಶಿಸ್ತು ಯಾವ ಗಣಿತದಲ್ಲಿದೆ? ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಈ ಊರಿನಲ್ಲಿ ಹೊರಟದ್ದು ಸಹ ಕಲ್ಲಚ್ಚಿನಲ್ಲಿ, ಅಂದರೆ ಕೈಯಿಂದ ಬರೆದ ಅಕ್ಷರವನ್ನು ಕಲ್ಲಿನ ಮೇಲೆ ಮೂಡಿಸಿ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಹಳ್ಳಿಯಿಂದ ಮುಂಬಯಿಗೂ ಅಲ್ಲಿಂದ ಪ್ಯಾರಿಸಿಗೂ ಹೋಗಿ ಕಲಿತರು. ಕುಣಿಯುವವರ ಮೈಯನ್ನು ಕೆಲವೇ ಗೆರೆಗಳಲ್ಲಿ ಹಿಡಿದರು. ಆ ಕೆಲವು ಗೆರೆಗಳು ಸುಲಭವಾಗಿ ಕಾಣುವುದು ಅವುಗಳ ಹಿಂದೆ ಎಷ್ಟೋ ವರುಷಗಳ ಅಭ್ಯಾಸ ಇರುವುದರಿಂದ.

ಹೀಗಿರುವುದರಿಂದ ನಮ್ಮ ನಿರ್ಣಯವು ಇದು. ಚಿತ್ರಲೇಖನದ ಗಂಟೆಯು ಎರಡು ತರಗತಿಗಳಲ್ಲಿಯೂ ಮುಂದುವರಿಯುವುದು. ಗಣಿತದಲ್ಲಿ ಹಿಂದುಳಿದವರಿಗೆ ಶನಿವಾರ ಮಧ್ಯಾಹ್ನ ಶುಲ್ಕವಿಲ್ಲದೆ ಪಾಠ ನಡೆಯುವುದು; ಮೊದಲ ಪಾಠವನ್ನು ನಾವೇ ತೆಗೆದುಕೊಳ್ಳುವೆವು, ಕಪ್ಪುಹಲಗೆಯ ಲೆಕ್ಕವನ್ನು ಎರಡು ಸಲ ನೋಡಿಕೊಂಡು! ನಗೆಚಿತ್ರ ಬರೆಯುವವರಿಗೆ ಮೂರು ನೇಮಗಳುಂಟು. ದೇಹದ ಊನವನ್ನು ಬರೆಯಕೂಡದು. ಯಾರನ್ನು ಬರೆದೆವೋ ಅವರಿಗೆ ತೋರಿಸಲು ಹೆದರುವಂಥದನ್ನು ಬರೆಯಕೂಡದು. ಇನ್ನೊಬ್ಬರನ್ನು ಬರೆದ ಪುಟದ ಮೂಲೆಯಲ್ಲಿ ತನ್ನನ್ನೂ ಬರೆಯತಕ್ಕದ್ದು.

ತಂದೆತಾಯಿಗಳಲ್ಲಿ ನಮ್ಮ ಬೇಡಿಕೆ ಸಣ್ಣದು. ಮನೆಯಲ್ಲಿ ಚಿತ್ರಶಾಲೆ ಕಟ್ಟಿಸಬೇಕಾಗಿಲ್ಲ; ಕಿಟಕಿಯ ಬಳಿ ಒಂದು ಚಾಪೆಯಷ್ಟು ಸ್ಥಳವನ್ನೂ ಒಂದು ಸೀಸದಕಡ್ಡಿಯನ್ನೂ ಕೊಡಿರಿ. ಮಗಳು ಬರೆದದ್ದನ್ನು ತೋರಿಸಿದರೆ “ಇದರಿಂದ ಏನು ಸಿಕ್ಕೀತು?” ಎಂದು ಕೇಳುವ ಮೊದಲು ಅರೆಗಳಿಗೆ ನೋಡಿರಿ.

ಹಳೆವಿದ್ಯಾರ್ಥಿನಿಯರಲ್ಲಿ ಒಬ್ಬಳಿಗೆ ಮಾತ್ರ ಕೊನೆಯ ಮಾತು. ಈ ಸಂಚಿಕೆಯು ಹೊಳೆ ದಾಟಿ ನಿನ್ನ ಕೈ ಸೇರಿದರೆ, ಇದರ ಕೊನೆಯ ಪುಟದ ಹಿಂಬದಿ ಖಾಲಿ ಇರುವುದನ್ನು ಕಾಣುವೆ. ಅದನ್ನು ಬೇಕೆಂದೇ ಖಾಲಿ ಬಿಡಿಸಿದ್ದೇವೆ. ನಮ್ಮ ಕನ್ನಡಕ ಈಗಲೂ ಮೂಗಿನ ತುದಿಗೇ ಇಳಿಯುತ್ತದೆ.

— ಮುಖ್ಯೋಪಾಧ್ಯಾಯಿನಿ